ರಾಜೇಸಾಬನ ಕೆಂಪು ರುಮಾಲು

ಕರಜಗಿಯ ಹೊಲಗಳಲ್ಲಿ ಜೋಳದ ತೆನೆ ಹಾಲುಗಾಳಾಯಿತೆಂದರೆ ರಾಜೇಸಾಬನಿಗೆ ಮನೆಯ ಊಟ ಸೇರುತ್ತಿರಲಿಲ್ಲ. ದಿನಕ್ಕೊಬ್ಬರ ಹೊಲದಲ್ಲಿ ಕೂತು ಸೀತನಿ ತಿನ್ನುವುದೇ ಅವನ ಉದ್ಯೋಗ. ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆಯ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಣ್ಣು ಮುಚ್ಚಿ ಅಗಿದು, "ಇದು ಸಕ್ಕರಿಮುಕ್ಕರಿ ಜ್ವಾಳ ಅಲ್ರಿ, ಅದರ ಸೋದರಳಿಯ" ಎಂದು ತೀರ್ಪು ಕೊಡುತ್ತಿದ್ದ. ಹೈಬ್ರಿಡ್ ತೆನೆ ಕೊಟ್ಟರೆ ಮುಖ ಸಿಂಡರಿಸುತ್ತಿದ್ದ. ಆದರೂ ಒಂದು ಕಾಳೂ ಉಳಿಸುತ್ತಿರಲಿಲ್ಲ. ಊರಿಗೆಲ್ಲ ಇದು ನಗೆಯ ವಿಷಯ. ಹೆಂಡತಿ ಖುರ್ಷಿದಬೇಗಂಗೆ ಮಾತ್ರ ಅವನ ಕೆಂಪು ರುಮಾಲಿನದೇ ಚಿಂತೆ. ಪ್ರತಿ ಸುಗ್ಗಿಯ ಹೊತ್ತಿಗೆ ಅದರ ತುದಿ ಎಳೆ ಎಳೆಯಾಗಿ ಬಿಚ್ಚಿ ಗೇಣುದ್ದ ಕಡಿಮೆಯಾಗಿರುತ್ತಿತ್ತು. ಇಲಿಯ ಕಾಟವೆಂದು ಆಕೆ ಗೋಡೆಯ ಸಂದಿಗೆಲ್ಲ ಮಣ್ಣು ಮೆತ್ತಿದಳು. ಎಂಬತ್ತೇಳರ ಸುಗ್ಗಿಯಲ್ಲಿ ಅದೇ ಊರಿನ ಸುಭದ್ರಾಬಾಯಿಯ ಹೊಲಕ್ಕೆ ಆಕೆ ತೆನೆ ಮುರಿಯಲು ಹೋದಾಗ ಕಣ್ಣಿಗೆ ಬಿತ್ತು: ಅಲ್ಲೊಂದು ಇಲ್ಲೊಂದು ತುಂಬಿದ ತೆನೆಯ ಕೊರಳಿಗೆ ಕೆಂಪು ಎಳೆ. "ಅವಕ್ಕ ಕೈ ಹಚ್ಚಬ್ಯಾಡ ಬೇ," ಎಂದಳು ಸುಭದ್ರಾಬಾಯಿ, "ಬೀಜಕ್ಕಂತ ನಿನ್ನ ಗಂಡ ಕಟ್ಟ್ಯಾನ. ಮಳಿ ಈಗ ಮೊದಲಿನಂಗ ಹೊತ್ತಿಗೆ ಬರವಲ್ದು, ಒಂದು ಜಾತಿ ಕೈ ಕೊಟ್ರ ಇನ್ನೊಂದರ ಇರಲಿ ಅಂತಾನ. ಯಾರ ಹೊಲಕ್ಕ ಹೋದ್ರೂ ಕಟ್ಟೇ ಬರ್ತಾನ." ಆ ಸಲ ಖುರ್ಷಿದಬೇಗಂ ಅಫಜಲಪುರದ ಸಂತೆಯಲ್ಲಿ ಹೊಸ ರುಮಾಲನ್ನು ತಾನೇ ಕೊಂಡಳು. ಎರಡು ಮೊಳ ಹೆಚ್ಚಿಗೆ ಹರಿಸಿಕೊಂಡು ಬಂದಳು.