ಚಳುಕಮ್ಮನ ಜಗ್ಗು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಚಳುಕಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಬಾಯಿ ತೆರೆದರೆ ಚಳುಕು ಎನ್ನುವವಳಿಗೆ ಜನ ಇನ್ನೇನು ಹೆಸರಿಡುತ್ತಾರೆ? ಬಗ್ಗಿ ಎದ್ದರೆ ಸೊಂಟದಲ್ಲಿ ಚಳುಕು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಎದೆಯಲ್ಲಿ ಚಳುಕು. ದೂರದ ಮಗಳ ಮನೆಯಲ್ಲಿ ಮೊಮ್ಮಗಳು ಮೆಟ್ಟಿಲಲ್ಲಿ ಜಾರಿದಳಂತೆ ಎಂದು ಕೇಳಿದರೆ ಹೊಟ್ಟೆಯಲ್ಲಿ ಚಳುಕು. ಹೋಟೆಲಿನಿಂದ ಬಂದ ಬಿಳಿ ಹಾಸಿನ ನಟ್ಟನಡುವೆ ಯಾರೋ ಪುಣ್ಯಾತ್ಮರು ಕಾಫಿ ಚೆಲ್ಲಿದ್ದರೆ ಅದಕ್ಕೂ ಒಂದು ಚಳುಕು.

"ಎಲ್ಲದಕ್ಕೂ ಒಂದೇ ಮಾತಾ ನಿಮ್ದು?" ಎಂದು ಒಗೆಯುವ ಕಡೆಯವರು ರೇಗಿಸಿದರೆ ಅವಳಿಗೆ ಮೂಗಿನ ತುದಿಯಲ್ಲಿ ಕೋಪ.

"ಎಲ್ಲದಕ್ಕೂ ಎಲ್ಲಿ ಅಂದೆ? ರೋಲರ್ ತಾಗಿದ್ರೆ ಉರಿ ಅಂತೀನಿ. ಮೀನಖಂಡ ಹಿಡ್ಕೊಂಡ್ರೆ ಸೆಳೆತ ಅಂತೀನಿ. ಪಿನ್ನು ಚುಚ್ಚೋದು ಹೊರಗಿಂದ, ಚಳುಕು ಬರೋದು ಒಳಗಿಂದ. ನೋವು ಅಂದ್ರೆ ಮನೇಗೆ ಬಂದು ಠಿಕಾಣಿ ಹೂಡಿದ ನೆಂಟ ಇದ್ದ ಹಾಗೆ, ಇವತ್ತು ಹೋಗ್ತಾನೆ ನಾಳೆ ಹೋಗ್ತಾನೆ ಅಂತ ಕಾಯ್ಬೇಕು. ಚಳುಕು ಬಾಗಿಲು ತಟ್ಟಲ್ಲ. ನುಗ್ಗುತ್ತೆ, ಹೋಗುತ್ತೆ. ಹೋದ ಮೇಲೂ ಮತ್ತೆ ಬಂದ್ರೆ ಏನಪ್ಪಾ ಅಂತ ಉಸಿರು ಹಿಡ್ಕೊಂಡಿರ್ತೀವಲ್ಲ, ಅದೂ ಚಳುಕೇ."

ಇಷ್ಟು ವಿವರವಾಗಿ ಹೇಳಿದ ಮೇಲೆ ರೇಗಿಸಿದವರೇ ಸುಸ್ತು.

ಇಂಥ ಮಾತುಗಾರ್ತಿ, ಗಂಡ ತೀರಿಕೊಂಡಾಗ ಮಾತ್ರ ಆ ಮಾತು ಆಡಿರಲಿಲ್ಲ. ಸರಕಿನ ಗಾಡಿ ಓಡಿಸುತ್ತಿದ್ದವನು, ಗಾಡಿ ನಿಲ್ಲಿಸಿ ಕೂತಲ್ಲೇ ಹೋಗಿಬಿಟ್ಟ. ಅವಳು ಬಾಯಿ ಹೊಲಿದವರ ಹಾಗೆ ಗೋಡೆಗೊರಗಿ ಕೂತಳು. ಕೊನೆಗೆ ಅವನ ತಂಗಿ ಪುಟ್ಟಿ ಬಂದು, "ಏಳಿ ಅತ್ತಿಗೆ, ಹೀಗೆ ಕೂತ್ರೆ ನೀವೂ ಹೋಗ್ತೀರಿ," ಎಂದು ಕೈ ಹಿಡಿದು ಎಬ್ಬಿಸಿ ತಾನು ದುಡಿಯುತ್ತಿದ್ದ ಲಾಂಡ್ರಿಗೆ ಕರೆತಂದಳು. ಪುಟ್ಟಿಯೇನು ಚಿಕ್ಕವಳಲ್ಲ, ಐವತ್ತು ದಾಟಿದೆ. ಕಟ್ಟಿಕೊಂಡವನು ಬಿಟ್ಟುಹೋಗಿ ಯಾವ ಕಾಲವಾಯಿತೋ. ಅಣ್ಣ ಮುದ್ದಿಗೆ ಕರೆದ ಹೆಸರು ಕೂದಲು ನರೆತರೂ ಉಳಿದುಕೊಂಡಿತ್ತು. ಅಂದಿನಿಂದ ಅತ್ತಿಗೆ ನಾದಿನಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ, ಮಡಿಸಲು ಒಂದೇ ಮೇಜು.

ಹಾಸು ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ರೋಲರ್ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಹಾಸಿನ ಎರಡು ಮೂಲೆ ಇವಳು ಹಿಡಿಯಬೇಕು, ಎರಡು ಮೂಲೆ ಅವಳು. ಹಿಂದಕ್ಕೆ ಸರಿದು, ಇಬ್ಬರೂ ಒಂದೇ ಕ್ಷಣಕ್ಕೆ ಗಟ್ಟಿಯಾಗಿ ಎಳೆಯಬೇಕು. ಅದಕ್ಕೆ ಅಲ್ಲಿ ಜಗ್ಗು ಎನ್ನುತ್ತಾರೆ. ಜಗ್ಗು ಸರಿಯಾಗಿ ಬಿದ್ದರೆ ಬಟ್ಟೆ ಫಟ್ ಎಂದು ಸದ್ದು ಮಾಡಿ ಸುಕ್ಕೆಲ್ಲ ಬಿಡುತ್ತದೆ. ಆಮೇಲೆ ಎದುರಾಬದುರಾ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಸರಿಯಬೇಕು, ಮತ್ತೆ ಜಗ್ಗಬೇಕು. ದಿನವಿಡೀ ಇದೇ. ಪುಟ್ಟಿಗೆ ನಿದ್ದೆ ಬಂದಿಲ್ಲವೋ, ಯಾರ ಮೇಲೆ ಮುನಿಸೋ, ಎಲ್ಲ ಆ ಜಗ್ಗಿನಲ್ಲೇ ಚಳುಕಮ್ಮನ ಅಂಗೈಗೆ ಬಂದು ಮುಟ್ಟುತ್ತಿತ್ತು.

ಒಂದು ಬೆಳಗ್ಗೆ ಜಗ್ಗಿದಾಗ ಚಳುಕಮ್ಮನ ಬಲಭುಜದಿಂದ ಮೊಣಕೈವರೆಗೆ ಏನೋ ಸರ್ರನೆ ಹರಿದುಹೋಯಿತು. ಕಣ್ಣು ಕತ್ತಲೆ ಬಂತು. ಇಷ್ಟು ವರ್ಷ ಸುಮ್ಮಸುಮ್ಮನೆ ಆಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವಳು ಅದನ್ನು ನುಂಗಿಕೊಂಡಳು. ಭುಜ ಹೋದವರಿಗೆ ಮಡಿಸುವ ಮೇಜಿನಲ್ಲಿ ಜಾಗವಿಲ್ಲ. ಮನೆಗೆ ಕಳಿಸುತ್ತಾರೆ. ಮತ್ತೆ ಆ ಗೋಡೆ, ಮತ್ತೆ ಆ ಒರಗು. ಅದನ್ನು ನೆನೆದರೇ ಅವಳಿಗೆ ಜೀವ ಬಾಡುತ್ತಿತ್ತು.

ಅದೇ ವಾರ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಪುಟ್ಟಿ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕಲು ಬಲಗೈ ಏಳದೆ, ಸ್ಟೂಲು ಹತ್ತುತ್ತಿದ್ದಳು. ಕೇಳಿದರೆ, "ಕುಳ್ಳಗಾಗ್ತಾ ಇದೀನಿ ಅತ್ತಿಗೆ, ವಯಸ್ಸಾಯ್ತಲ್ಲ," ಎಂದು ನಗೆಯಾಡಿದಳು. ಇವಳ ಭುಜವೂ ಹೋಗಿದೆ ಎಂದು ಚಳುಕಮ್ಮನಿಗೆ ತಿಳಿದುಹೋಯಿತು. ಮಾರನೆಯ ದಿನದಿಂದ ಅವಳು ತನ್ನ ಕಡೆಯ ಜಗ್ಗನ್ನು ಚೂರು ಸಡಿಲ ಬಿಟ್ಟಳು. ತನ್ನ ಭುಜಕ್ಕೂ ಅದು ಹಿತವಾಗಿಯೇ ಇತ್ತು. ಆದರೆ ಅದಕ್ಕೋಸ್ಕರ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ಕಡೆಯಿಂದಲೂ ಎಳೆತ ಕಡಿಮೆಯಾಗುತ್ತಾ ಬಂತು. ಪಾಪ, ನೋವು ಜಾಸ್ತಿಯಾಗಿರಬೇಕು ಎಂದುಕೊಂಡು ಇವಳು ಇನ್ನಷ್ಟು ಸಡಿಲ ಬಿಟ್ಟಳು. ತಿಂಗಳು ತುಂಬುವುದರಲ್ಲಿ ಇಬ್ಬರ ನಡುವಿನ ಹಾಸು ಹೊಟ್ಟೆ ಬಿಟ್ಟುಕೊಂಡು ಜೋಲಾಡತೊಡಗಿತು.

ಮೂಲೆಗೆ ಮೂಲೆ ಕೂಡದ, ಸುಕ್ಕು ಬಿಡದ ಹಾಸುಗಳನ್ನು ಹೋಟೆಲಿನವರು ಕಟ್ಟುಕಟ್ಟಾಗಿ ವಾಪಸು ಕಳಿಸಿದರು. ಸೂಪರ್‌ವೈಸರ್ ಮೇಜಿನ ಹತ್ತಿರ ಬಂದು ನಿಂತ. ಕೆಟ್ಟವನಲ್ಲ, ಆದರೆ ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡು ಬಂದ ಮುಖ.

"ಚಳುಕಮ್ಮ, ನಿಮ್ಮಿಬ್ಬರ ಕೆಲಸ ನೋಡಿ ಬೇರೆಯವರು ಕಲೀತಿದ್ರು. ಈಗೇನಾಗಿದೆ? ಇವತ್ತು ನಾನು ಇಲ್ಲೇ ನಿಂತು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಜೋಡಿ ಬದಲಾಯಿಸ್ಬೇಕಾಗುತ್ತೆ. ಪುಟ್ಟಮ್ಮನ್ನ ಒಗೆಯೋ ಕಡೆ ಹಾಕ್ತೀನಿ."

ಒಗೆಯುವ ಕಡೆ ಎಂದರೆ ನೀರು ಕುಡಿದ ಬಟ್ಟೆಯ ಗಂಟುಗಳನ್ನು ಬೆಳಗಿನಿಂದ ಸಂಜೆವರೆಗೆ ಎತ್ತಿ ಹಾಕುವುದು. ಆ ಕೈಯಲ್ಲಿ ಪುಟ್ಟಿ ಅಲ್ಲಿ ಎರಡು ದಿನವೂ ಬಾಳುವುದಿಲ್ಲ.

ಹಾಸು ಹೊರಬಂತು. ಇಬ್ಬರೂ ಹಿಡಿದರು, ಸರಿದರು, ಜಗ್ಗಿದರು. ಫಟ್ ಎನ್ನಲಿಲ್ಲ. ಸೂಪರ್‌ವೈಸರ್ ತಲೆ ಕೆರೆದುಕೊಂಡ. ಮೂಲೆ ಸೇರಿಸಲು ಹತ್ತಿರ ಬಂದಾಗ ಚಳುಕಮ್ಮ ಪಿಸುಗುಟ್ಟಿದಳು. ರೋಲರಿನ ಗದ್ದಲದಲ್ಲಿ ಅವನಿಗೆ ಕೇಳಿಸುವಂತಿರಲಿಲ್ಲ.

"ಜಗ್ಗೇ ಪುಟ್ಟಿ, ಸ್ವಲ್ಪ ತಡ್ಕೊಂಡು ಜಗ್ಗು."

"ನೀವು ಜಗ್ಗಿದ್ರೆ ನಾನು ಜಗ್ತೀನಿ."

ಸರಿದರು. ಮತ್ತದೇ ಜೋಲು. ಮತ್ತೆ ಹತ್ತಿರ ಬಂದರು.

"ನಿನ್ನ ಕೈ ಏಳಲ್ಲ ಅಂತ ನಂಗೆ ಗೊತ್ತು ಕಣೇ. ಅದಕ್ಕೇ ಬಿಟ್ಟಿದ್ದೆ."

"ನನ್ನ ಕೈ ಹಾಳಾಗ್ಲಿ. ನಿಮ್ಮ ಭುಜ ಹೋಗಿರೋದು ನಂಗೆ ಗೊತ್ತಿಲ್ವಾ? ದಿನಾ ನೂರು ಸಲ ಚಳುಕು ಅನ್ನೋರು ಒಂದು ತಿಂಗಳಿಂದ ಒಂದು ಸಲ ಅಂದಿಲ್ಲ. ಅಣ್ಣ ಹೋದಾಗ ಹೀಗೇ ಇದ್ರಿ. ನಿಮಗೋಸ್ಕರ ನಾನು ಸಡಿಲ ಬಿಟ್ರೆ, ನೀವು..."

ಚಳುಕಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡಕ್ಕೂ ಅಲ್ಲಿ ಪುರಸೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಉಳಿಸಲು ಹೋಗಿ ಇಬ್ಬರೂ ಕೆಲಸಕ್ಕೆ ಕಲ್ಲು ಹಾಕಿಕೊಳ್ಳುತ್ತಿದ್ದರಲ್ಲ! ಇಷ್ಟು ದಿನ ಕೈಗೆ ಬಂದ ಆ ಸಡಿಲು ಪುಟ್ಟಿಯ ನೋವಲ್ಲ, ಪುಟ್ಟಿಯ ಅಕ್ಕರೆ. ಅವಳಿಗೆ ಬಹಳ ದಣಿವಾಯಿತು.

"ಕೇಳಿಲ್ಲಿ. ಇನ್ಮೇಲೆ ನೀನು ನನ್ನ ನೋಡ್ಬೇಡ, ನಾನು ನಿನ್ನ ನೋಡಲ್ಲ. ಜಗ್ಗು."

"ಅತ್ತಿಗೆ..."

"ಜಗ್ಗು ಅಂದೆ."

ಹಿಂದಕ್ಕೆ ಸರಿದರು. ಚಳುಕಮ್ಮ ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆದಳು. ಆ ಕಡೆಯಿಂದ ಪುಟ್ಟಿಯೂ ಎಳೆದಳು. ಫಟ್ ಎಂದಿತು ಹಾಸು. ಭುಜದಿಂದ ಬೆರಳ ತುದಿವರೆಗೆ ಕಿತ್ತುಬಂದಂತಾಯಿತು.

"ನೋಡಿ, ಆಗುತ್ತಲ್ಲ! ಮನಸ್ಸಿಟ್ಟು ಮಾಡ್ಬೇಕು ಅಷ್ಟೇ," ಎಂದ ಸೂಪರ್‌ವೈಸರ್. ಇನ್ನೂ ನಾಲ್ಕಾರು ಹಾಸು ನೋಡಿ, ಸಮಾಧಾನವಾಗಿ ತನ್ನ ಕೋಣೆಗೆ ಹೋದ.

ಎದುರಿಗೆ ಪುಟ್ಟಿಯ ಕೆಳತುಟಿ ಹಲ್ಲಿನಡಿಯಲ್ಲಿ ಸಿಕ್ಕಿ ಬಿಳಚಿಕೊಂಡಿತ್ತು. ಆ ಚಳುಕನ್ನು ಕೊಟ್ಟವಳು ತಾನೇ ಎಂಬುದು ಚಳುಕಮ್ಮನಿಗೆ ಗೊತ್ತಿತ್ತು. ಅಷ್ಟರಲ್ಲಿ ಇನ್ನೊಂದು ಹಾಸು ಹೊರಬಂತು. ಇಬ್ಬರೂ ಮೂಲೆ ಹಿಡಿದರು. ತುಂಬಾ ನೋವಾಯ್ತಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳಿದ್ದರೆ ಮುಂದಿನ ಜಗ್ಗು ಸಡಿಲವಾಗುತ್ತಿತ್ತು.