ಗೈಡ್ ಗೆರೆ ಹಿಡಿದ ಜಾಗ

ಹರಿಯಬ್ಬೆಯ ಕುರಿ ಕಾಯೋ ಕರಿಸಿದ್ದಪ್ಪನ ಮಗಳು ಕಾವ್ಯಶ್ರೀ ಅಂದರೆ ಚಿತ್ರದುರ್ಗದ ಎಂಜಿನಿಯರ್ ಆಫೀಸೊಂದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ. ಕಂಪ್ಯೂಟರಿನಲ್ಲಿ ಮನೆ ಪ್ಲಾನ್ ಬರೆಯೋದು ಅವಳ ಕೆಲಸ. ಗೋಡೆ ಒಂಚೂರು ಸೊಟ್ಟಗಿದ್ದರೂ ಅವಳಿಗೆ ಊಟ ಸೇರದು. ಅದಕ್ಕೇ ಗೈಡ್ ಗೆರೆ ಅಂದರೆ ಪ್ರಾಣ. ತೆರೆಯ ಮೇಲೆ ಬೇಕಾದ ಕಡೆ ನೀಲಿ ಚುಕ್ಕಿಗೆರೆ ಎಳೆದಿಟ್ಟರೆ ಮುಗೀತು. ಮೌಸ್ ಹತ್ತಿರ ತಂದಕೂಡಲೇ ಗೋಡೆಯೋ ಬಾಗಿಲೋ ಟಕ್ಕಂತ ಹಾರಿ ಅದಕ್ಕೆ ಕಚ್ಚಿಕೊಳ್ಳುತ್ತೆ; ಇದಕ್ಕೇ ಸ್ನ್ಯಾಪ್ ಅನ್ನೋದು. "ನನ್ನ ಕೈ ನಡುಗಬಹುದು, ಸ್ನ್ಯಾಪ್ ನಡುಗಲ್ಲ ಕಣ್ರಿ" ಅಂತ ಜಂಬ ಕೊಚ್ಚೋಳು. ಕೊಚ್ಚಲಿ ಬಿಡಿ, ಅಷ್ಟು ಚೆಂದ ಬರೆಯೋಳು.

ಹೋದ ವರ್ಷ ಕರಿಸಿದ್ದಪ್ಪ ತೀರಿಕೊಂಡ. ಸ್ವಂತ ಹೊಲದಲ್ಲೇ ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ನೆಟ್ಟರು. ಈ ವರ್ಷ ಅದೇ ಹೊಲದಲ್ಲಿ ಮನೆ ಕಟ್ಟೋದು ಅಂತಾಯ್ತು. ತಾಯಿ ಗಿರಿಯಮ್ಮ ಕೇಳಿದ್ದು ಒಂದೇ: "ಒಲೆ ಮುಂದೆ ನಿಂತ್ರೆ ಕಿಟಕ್ಯಾಗೆ ನಿಮ್ಮಪ್ಪ ಕಾಣ್ಬೇಕು ಮಗಾ. ಮಿಕ್ಕಿದ್ದು ನಿನ್ನಿಷ್ಟ."

ಅಷ್ಟೂ ಮಾಡಿಕೊಡದಿದ್ದರೆ ಅವಳು ಇನ್ಯಾತರ ಮಗಳು! ಜಾಗ ಅಳೆದು, ಸಮಾಧಿಯನ್ನು ಪ್ಲಾನಿನಲ್ಲಿ ಒಂದು ಚೌಕ ಮಾಡಿ, ಅದರ ನಡುಮಧ್ಯ ಎರಡು ಗೈಡ್ ಗೆರೆ ಕೂಡಿಸಿದಳು. ಅಡ್ಡಗೆರೆ ಹಿಡಿದು ಹೋದರೆ ಅಡುಗೆಮನೆ ಕಿಟಕಿಗೆ ನೇರ. ಆದರೆ ಫೈಲ್ ತೆರೆದಾಗಲೆಲ್ಲ ಆ ಚೌಕ ಕಣ್ಣಿಗೆ ಬಿದ್ದು ಕೆಲಸ ಅಲ್ಲೇ ನಿಂತುಹೋಗುತ್ತಿತ್ತು. ತಡೆಯಲಾರದೆ ಸಮಾಧಿ ಇದ್ದ ಲೇಯರನ್ನೇ, ಅಂದರೆ ಆ ಪದರವನ್ನೇ, ಕಾಣದಂತೆ ಆಫ್ ಮಾಡಿದಳು. ಚೌಕ ಮಾಯವಾಯ್ತು, ಗೆರೆಗಳು ಉಳಿದವು.

ಆಮೇಲೆ ಪಾಯಿಖಾನೆ ಗುಂಡಿಯನ್ನು ಮನೆಯಿಂದ ದೂರ ಸರಿಸಬೇಕಾಗಿ ಬಂತು. ಆ ಹೊತ್ತಿಗೆ ತೆರೆ ತುಂಬ ಗೈಡ್ ಗೆರೆಗಳೇ. ಯಾವುದನ್ನು ಯಾತಕ್ಕೆ ಎಳೆದದ್ದು ಅನ್ನೋದು ಅವಳಿಗೇ ನೆನಪಿರಲಿಲ್ಲ. ಎರಡು ಗೆರೆ ಕೂಡೋ ಕಡೆ ಗುಂಡಿ ಟಕ್ಕಂತ ಕೂತುಬಿಡ್ತು. 'ಎಷ್ಟು ನೇರ ಕೂತ್ಕೊಂತಪ್ಪ!' ಅಂತ ಖುಷಿಪಟ್ಟು, ಪ್ರಿಂಟ್ ತೆಗೆದು ಮೇಸ್ತ್ರಿ ಪರಮೇಶನಿಗೆ ಕಳಿಸಿದಳು. ಅವನು ಧರ್ಮಪುರದೋನು, ಯಾರು ಎಲ್ಲಿ ಮಲಗಿದ್ದಾರೆ ಅಂತ ಅವನಿಗೇನು ಗೊತ್ತು.

ಗುರುತು ಹಾಕೋ ದಿನ ತಾಯಿ ಮಗಳು ಹೊಲಕ್ಕೆ ಬರೋದಕ್ಕೂ ಪರಮೇಶ ಸುಣ್ಣ ಚೆಲ್ಲಿ ಮುಗಿಸೋದಕ್ಕೂ ಸರಿಹೋಯ್ತು. ಸುಣ್ಣದ ಬಿಳಿ ಪಟ್ಟೆ ಅಪ್ಪನ ಸಮಾಧಿ ಸುತ್ತಲೇ ಇತ್ತು. ತಲೆಗಲ್ಲು ಕಿತ್ತು ಬದುವಿಗೆ ಒರಗಿಸಿದ್ದರು. ಕಾವ್ಯಶ್ರೀ ಪರಮೇಶನತ್ತ ಓಡಿದಳು.

"ಅಯ್ಯಯ್ಯೋ! ಯಾರು ಹೇಳಿದ್ರು ನಿಂಗೆ? ಅದು ನಮ್ಮಪ್ಪ ಕಣೋ!"

ಪರಮೇಶ ಬೆಪ್ಪಾದ. "ಪ್ಲಾನಾಗೆ ಹಿಂಗೇ ಐತಲ್ಲ ಮೇಡಂ. ಯಾವ್ದೋ ಕಲ್ಲು ಅನ್ಕಂಡು ಕಿತ್ತೆ. ಗುದ್ಲಿ ಇನ್ನೂ ಹಾಕಿಲ್ರಿ, ದೇವ್ರಾಣೆ."

"ಸುಳ್ಳು! ನಾನು ಹಂಗೆ ಬರ್ದೇ ಇಲ್ಲ" ಅಂತ ಕಿರುಚಿ, ಲ್ಯಾಪ್‌ಟಾಪ್ ತೆಗೆದು ಆ ಲೇಯರ್ ಆನ್ ಮಾಡಿದಳು. ಗುಂಡಿಯ ನಟ್ಟನಡುವೆ ಚೌಕ ಮೂಡಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಅವಳು ಜೀವಮಾನದಲ್ಲೇ ಬರೆದಿರಲಿಲ್ಲ.

ಗಿರಿಯಮ್ಮ ಬೈಯಲಿಲ್ಲ. ಸುಣ್ಣ ದಾಟಿ ಒಳಗೆ ಹೋಗಿ, ಕಲ್ಲು ಕಿತ್ತ ಕುಳಿಯ ಪಕ್ಕ ಕುಂತಳು.

"ಕಿಟಕಿ ಎಲ್ಲಿ ಬತ್ತೈತೆ, ತೋರ್ಸು."

ಕಾವ್ಯಶ್ರೀ ಕೈ ಎತ್ತಿ ತೋರಿಸಿದಳು. ತಾಯಿ ಅತ್ತ ನೋಡಿದಳು, ಮತ್ತೆ ಮಗಳ ಕಡೆ ತಿರುಗಿದಳು.

"ಕಿಟಕಿ ನೇರಕ್ಕೇ ಇಟ್ಟಿದೀಯ. ದಿನಾ ನಾನು ಏನು ನೋಡ್ಲಿ ಅಂತ ಇಟ್ಟೆ ಮಗಾ?"