ಮೊದಲ ದರ್ಜೆಯ ದಿಂಬು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಪತ್ತೇದಾರಮ್ಮ ಎಂದೇ ಕರೆಯುತ್ತಿದ್ದರು. ಹಾಲು ತೀರ ಬೆಳ್ಳಗಿದ್ದರೆ ಅದಕ್ಕೇನು ಬೆರೆಸಿದ್ದಾರೋ ಎನ್ನುವ, ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ತನ್ನ ಕೈಚೀಲ ಮುಟ್ಟಿ ನೋಡಿಕೊಳ್ಳುವ ಹೆಂಗಸು. "ಇದರಲ್ಲಿ ಯಾರಿಗೆ ಲಾಭ?" ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಇಂಥವಳಿಗೆ ದಿಂಬಿನ ಕಾರ್ಖಾನೆಯ ಕೊನೆಯ ಮೇಜು ಸಿಕ್ಕಿದ್ದು ಹೇಳಿ ಮಾಡಿಸಿದ ಹಾಗಿತ್ತು. ಹೊಲಿದು ಬಂದ ದಿಂಬನ್ನು ಎತ್ತಿ, ಹೊಲಿಗೆ ಎಳೆದು ನೋಡಿ, ಕೊನೆಗೆ ಅದರಲ್ಲಿ ಒಂದು ಸಲ ಮುಖ ಒತ್ತಬೇಕು. ಮೂಗು ಮುಳುಗಿ, ಕಿವಿಯ ಹತ್ತಿರ ಹತ್ತಿ ಎದ್ದು ಬಂದರೆ ಮೊದಲ ದರ್ಜೆ, ಇಲ್ಲವಾದರೆ ವಾಪಸ್. ಅವಳ ಮುಖ ಒಪ್ಪಿದ ದಿಂಬನ್ನು ಯಾವ ಅಂಗಡಿಯವನೂ ಹಿಂದಕ್ಕೆ ಕಳಿಸಿದ್ದಿಲ್ಲ. ಆ ಜಂಬ ಅವಳಿಗಿತ್ತು, ಇರಲಿ ಬಿಡಿ, ದುಡಿದವರಿಗೆ ಅಷ್ಟಾದರೂ ಬೇಡವೇ.

ಮಗಳಿಗೆ ಹೆಣ್ಣು ಮಗು ಹುಟ್ಟಿ ಎರಡು ತಿಂಗಳಾಗಿತ್ತು. ಎತ್ತಿಕೊಂಡರೆ ಬೊಂಬೆ, ಮಲಗಿಸಿದರೆ ಸೈರನ್ನು. ಮಗಳು, ಅಳಿಯ ಇಬ್ಬರ ಕಣ್ಣೂ ಗುಳಿಬಿದ್ದಿದ್ದವು. ಅಜ್ಜಿ ರಜೆ ಹಾಕಿ ಬಂದವಳೇ ಮನೆಗೆ ಬಂದ ವಸ್ತುಗಳನ್ನೆಲ್ಲ ತಪಾಸಣೆಗೆ ತೆಗೆದುಕೊಂಡಳು. ಮೇಲಿನ ಮನೆಯಾಕೆ ಕೆಮ್ಮಿನ ಔಷಧಿಯ ಸೀಸೆ ತಂದು, ನಾಲ್ಕು ತೊಟ್ಟು ಹಾಕಿದರೆ ಕೊರಡಿನ ಹಾಗೆ ಮಲಗುತ್ತದೆ ಎಂದಳು. ಕೆಮ್ಮೇ ಇಲ್ಲದ ಮಗುವಿಗೆ ಕೆಮ್ಮಿನ ಔಷಧಿ ಯಾಕೆ ಎಂದು ಅಜ್ಜಿ ಅದನ್ನು ಬಚ್ಚಲಿಗೆ ಸುರಿದು, ಖಾಲಿ ಸೀಸೆ ತೊಳೆದು ಹಿಂದಕ್ಕೆ ಕೊಟ್ಟಳು. ಮಗುವನ್ನು ತಾನಾಗಿಯೇ ತೂಗುವ ಒರಗುಕುರ್ಚಿಯೊಂದನ್ನು ಅಳಿಯನ ಗೆಳೆಯನೊಬ್ಬ ಕೊಟ್ಟಿದ್ದ. ಅದರಲ್ಲಿ ಕಣ್ಣು ಮುಚ್ಚಿದ ಮಗುವಿನ ಗದ್ದ ಎದೆಗೆ ಬಿದ್ದದ್ದನ್ನು ಕಂಡು, ಕತ್ತು ಮಡಚಿದರೆ ಉಸಿರು ಎಲ್ಲಿಂದ ಹೋಗಬೇಕು ಎಂದು ಅದನ್ನೂ ಬಾಗಿಲಾಚೆಗಿಟ್ಟಳು. ಅಳಿಯ ಆಸೆಯಿಂದ ತಂದಿದ್ದ, ಮಳೆಯ ಸದ್ದು ಮಾಡುವ ಡಬ್ಬಿಯನ್ನು ತನ್ನ ಕಿವಿಗಿಟ್ಟು ಕೇಳಿ, ತೊಟ್ಟಿಲಿಂದ ದೂರದ ಮೂಲೆಗೆ ಒಯ್ದು ಸದ್ದು ಇಳಿಸಿದಳು. ಅಲ್ಲಿಯವರೆಗೆ ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಎಡವಟ್ಟು ಶುರುವಾದದ್ದು ಆಸ್ಪತ್ರೆಯ ದಾದಿ ಮಗುವನ್ನು ನೋಡಲು ಮನೆಗೆ ಬಂದ ದಿನ. ಮಗುವನ್ನು ಅಂಗಾತ ಮಲಗಿಸಿ, ನಿಮ್ಮ ಕೋಣೆಯಲ್ಲೇ ಅದಕ್ಕೊಂದು ಬೇರೆ ತೊಟ್ಟಿಲಿರಲಿ, ಹಾಸಿಗೆ ಗಟ್ಟಿಯಾಗಿ ಸಮನಾಗಿರಲಿ, ಅದಕ್ಕೆ ಬಿಗಿಯಾಗಿ ಹಾಸಿದ ಬಟ್ಟೆ ಬಿಟ್ಟರೆ ಇನ್ನೇನೂ ಬೇಡ, ದಿಂಬು ಬೇಡ, ರಗ್ಗು ಬೇಡ, ಬೊಂಬೆಯೂ ಬೇಡ ಎಂದಳು ಆಕೆ. ಅತ್ತರೆ ಎದೆಗೊರಗಿಸಿ ಬೆನ್ನು ಸವರಿ, ಮೆಲ್ಲಗೆ ಗುನುಗಿ, ಅಷ್ಟು ಸಾಕು. ಅಜ್ಜಿ ಎಂದಿನಂತೆ ಯೋಚಿಸಿದಳು. ಸೀಸೆ ಮಾರುವವನಿಗೆ ಲಾಭವಿದೆ, ಕುರ್ಚಿ ಮಾರುವವನಿಗೂ ಇದೆ. ಏನೂ ಬೇಡ ಎನ್ನುವವಳಿಗೆ ಏನು ಸಿಗುತ್ತದೆ? ಉತ್ತರ ಹೊಳೆಯಲಿಲ್ಲ, ಅದಕ್ಕೇ ಅನುಮಾನ ಇಮ್ಮಡಿಯಾಯಿತು.

ದಿಂಬು ಬೇಡ ಎಂಬ ಮಾತಂತೂ ಎದೆಗೆ ಚುಚ್ಚಿತು. ಜೀವಮಾನವಿಡೀ ಊರಿಗೆಲ್ಲ ದಿಂಬು ಪಾಸು ಮಾಡಿದವಳ ಮೊಮ್ಮಗಳು ಬೋಳು ಹಾಸಿಗೆಯಲ್ಲಿ ಮಲಗಬೇಕೆ? ಅವಳು ಒಳ್ಳೆಯ ಹತ್ತಿ ತರಿಸಿ, ಮಗುವಿನ ಸುತ್ತ ಬಳಸಿ ಬರುವ ಹಾಗೆ ಉದ್ದನೆಯ ದಿಂಬೊಂದನ್ನು ಹೊಲಿದಳು. ಮುಖ ಒತ್ತಿ ನೋಡಿದಳು, ಕಿವಿ ಮುಚ್ಚುವಷ್ಟು ಮೆತ್ತಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಮಗಳು ಚೆನ್ನಾಗಿದೆ ಎಂದು ಹೊಗಳಿ, ಅದನ್ನು ಕಪಾಟಿನ ಮೇಲಿಟ್ಟುಬಿಟ್ಟಳು.

"ಇದು ನಿನ್ನ ಬುದ್ಧಿ ಅಲ್ಲ. ನಿನ್ನ ಗಂಡ ಹೇಳಿಕೊಟ್ಟಿದ್ದು," ಎಂದಳು ಅಮ್ಮ.

"ಯಾರೂ ಹೇಳಿಕೊಟ್ಟಿಲ್ಲಮ್ಮ. ನನಗೇ ಭಯ."

"ನಾನು ಹೊಲಿದಿದ್ದಕ್ಕೆ ಭಯಾನಾ?"

ಅಂದಿನಿಂದ ಅಜ್ಜಿ ಅಳಿಯನನ್ನು ಓರೆಗಣ್ಣಿನಲ್ಲೇ ನೋಡತೊಡಗಿದಳು. ಅವನು ಉಪ್ಪು ಕೇಳಿದರೂ ತನ್ನ ಅಡುಗೆಯಲ್ಲಿ ಕೊಂಕು ಹುಡುಕಿದ ಹಾಗೇ ಅವಳಿಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಅಳಿಯ ಕೆಲಸಕ್ಕೆ ಹೋಗಿದ್ದ. ಮಗಳು ಸ್ನಾನಕ್ಕೆ ಹೋದದ್ದೇ ತಡ, ಮಗು ರಾಗ ಎಳೆಯಿತು. ಅಜ್ಜಿ ಸ್ಟೂಲು ಹತ್ತಿ ದಿಂಬು ಇಳಿಸಿದಳು. ತೊಟ್ಟಿಲಲ್ಲಿ ಅದನ್ನು ಸುತ್ತ ಬಳಸಿ, ನಡುವೆ ಮಗುವನ್ನು ಮಲಗಿಸಿ ತಟ್ಟಿದಳು. ಸ್ವಲ್ಪ ಹೊತ್ತಿಗೆಲ್ಲ ಸದ್ದಡಗಿತು. ಈಗೇನಂತೀರಿ ಅಳಿಯಂದಿರೇ ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದಳು.

ಮೊದಲ ಪಾತ್ರೆ ತೊಳೆಯುತ್ತಿದ್ದಾಗಲೇ ಕೈ ನಿಂತಿತು. ಇದು ಇಷ್ಟು ಬೇಗ ಮಲಗುವ ಮಗುವಲ್ಲ. ಬೇರೆ ಯಾರಾದರೂ ಮಲಗಿಸಿದ್ದರೆ, ಏನು ಮಾಡಿದೆ ಮಗುವಿಗೆ ಎಂದು ಅವರ ಜನ್ಮ ಜಾಲಾಡುತ್ತಿದ್ದಳು. ಮಲಗಿಸಿದ್ದು ತಾನೇ. ಒದ್ದೆ ಕೈಯಲ್ಲೇ ಓಡಿದಳು.

ಮಗುವಿನ ತಲೆ ಪಕ್ಕಕ್ಕೆ ಹೊರಳಿತ್ತು. ಮೂಗು, ಬಾಯಿ ದಿಂಬಿನೊಳಗೆ ಮುಳುಗಿ, ಕಿವಿಯ ಹತ್ತಿರ ಹತ್ತಿ ಎದ್ದು ಬಂದಿತ್ತು. ಮೊದಲ ದರ್ಜೆ. ಅವಳು ಬಾಚಿ ಎತ್ತಿಕೊಂಡಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮಗು ಉಸಿರೆಳೆದು, ಸೂರು ಹಾರಿಹೋಗುವ ಹಾಗೆ ಕಿರುಚಿತು. ಅಷ್ಟು ಇಂಪಾದ ಸದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಮಗುವನ್ನು ಹೆಗಲಿಗೆ ಒರಗಿಸಿಕೊಂಡೇ, ಇನ್ನೊಂದು ಕೈಯಿಂದ ದಿಂಬನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ಇಷ್ಟು ವರ್ಷವೂ ಒತ್ತಿದ ತಕ್ಷಣ ಮುಖ ಎತ್ತುತ್ತಿದ್ದಳು, ಮೇಜಿನ ಮೇಲೆ ಮುಂದಿನ ದಿಂಬು ಕಾದಿರುತ್ತಿತ್ತು. ಈ ಸಲ ಎತ್ತಲಿಲ್ಲ. ಉಸಿರೆಳೆದಳು, ಗಾಳಿಯ ಬದಲು ಬಟ್ಟೆ ಬಂದು ಮೂಗಿಗೆ ಅಂಟಿತು. ಅವಳಿಗಾದರೆ ದಿಂಬನ್ನು ಎಸೆಯಲು ಕೈಯಿತ್ತು, ಕತ್ತು ಹಿಂದಕ್ಕೆಳೆಯಲು ಬಲವಿತ್ತು. ದಿಂಬನ್ನು ಎಸೆದು, ಮಗುವನ್ನು ಅವುಚಿಕೊಂಡು ಅತ್ತುಬಿಟ್ಟಳು.

ಮಗಳು ತೊಟ್ಟಿಕ್ಕುವ ಕೂದಲಲ್ಲೇ ಓಡಿಬಂದಳು. ಏನೂ ಆಗಿಲ್ಲ ಎಂದು ತಿಪ್ಪೆ ಸಾರಿಸಬಹುದಿತ್ತು, ಅಮ್ಮ ಸಾರಿಸಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಮಗಳು ಮಗುವನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ನಾನು ಎಲ್ಲರನ್ನೂ ಅನುಮಾನಿಸಿದೆ, ನನ್ನೊಬ್ಬಳನ್ನ ಬಿಟ್ಟು," ಎಂದಳು ಅಮ್ಮ. "ಇನ್ಮೇಲೆ ನನ್ನ ಮೇಲೂ ಒಂದು ಕಣ್ಣಿಡು."

ಸಂಜೆ ಅಳಿಯ ಊಟಕ್ಕೆ ಕೂತು ಉಪ್ಪು ಕೇಳಿದ, ಅವಳು ಎದ್ದು ತಂದುಕೊಟ್ಟಳು. ಮಗು ಮತ್ತೆ ರಂಪ ತೆಗೆದಾಗ ಮಗಳು ಸ್ವಲ್ಪ ಯೋಚಿಸಿ ಅದನ್ನು ಅಮ್ಮನ ಕೈಗೇ ಕೊಟ್ಟಳು. ಅಜ್ಜಿ ಎದೆಗೊರಗಿಸಿ, ಬೆನ್ನು ಸವರಿ, ಗಂಟಲು ಒಣಗುವವರೆಗೆ ಗುನುಗಿ ಮಲಗಿಸಿದಳು. ಬೋಳು ತೊಟ್ಟಿಲಲ್ಲಿ ಅಂಗಾತ ಇಳಿಸಿ, ಒಳಗೇನೂ ಇಲ್ಲ ಎಂದಳು.

ಮಗಳು ಆ ಮಾತನ್ನು ನಂಬಲಿಲ್ಲ. ಎದ್ದು ಬಂದು, ತೊಟ್ಟಿಲಿನ ಮೂಲೆ ಮೂಲೆಗೂ ತಾನೇ ಕೈಯಾಡಿಸಿ ನೋಡಿದಳು. ಅಮ್ಮ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.